ಮೂರು ಸೀಟಿಯ ಮಣೆ

ಇವತ್ತು ಬೆಳಿಗ್ಗೆ ನಾನು ಎದೆತುಂಬ ಉಸಿರು ಎಳೆದುಕೊಂಡು ಮಗಳ ಹೆಸರು ಕೂಗಲು ಬಾಯಿ ತೆರೆದಿದ್ದೆ. ನನ್ನ ಕೂಗು ಸಾಮಾನ್ಯದ್ದಲ್ಲ. ಸಿಕಂದರಾಬಾದಿನ ಪಕ್ಕದ ಕುಷಾಯಿಗೂಡದ ನಮ್ಮ ಗಲ್ಲಿಯಲ್ಲಿ ತರಕಾರಿ ಗಾಡಿಯವನು ಅದನ್ನು ಕೇಳಿ ತನ್ನ ಮೈಕಿನ ದನಿ ತಗ್ಗಿಸಿದ್ದೂ ಉಂಟು. ಕಾರಣವೂ ಸಣ್ಣದಾಗಿರಲಿಲ್ಲ. ಮುಂದಿನ ವಾರ ಮದುವೆ ಮನೆಗೆ ಹೋಗಬೇಕಾದ ಬಟ್ಟೆಯ ಅಂಚಿನಲ್ಲಿ, ಎರಡು ದಿನ ಬೆನ್ನು ಬಗ್ಗಿಸಿ ಬರೆದ ಬಳ್ಳಿಯ ಪಕ್ಕದಲ್ಲೇ, ಅಂಗೈ ಅಗಲದ ಒಂದು ಕಂದು ಕಲೆ ಆರಾಮಾಗಿ ಕೂತಿತ್ತು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರ್ ಮೊದಲನೆಯ ಸೀಟಿ ಹೊಡೆಯಿತು. ನಾನು ಬಾಯಿ ಮುಚ್ಚಿಕೊಂಡೆ.

ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ತೆರೆದ ಬಾಯನ್ನು ಬೈಯದೆ ಮುಚ್ಚುವ ವಿದ್ಯೆ ನಮ್ಮ ತವರಿನಲ್ಲಿ ಯಾರಿಗೂ ಒಲಿದಿಲ್ಲ. ಹಾಗಾಗಿ ಎರಡನೆಯ ಸೀಟಿ ಬರುವುದರೊಳಗೆ, ಒಂದು ಮೂರು ಲೀಟರಿನ ಕುಕ್ಕರು ನನ್ನಂಥವಳ ಬಾಯಿ ಮುಚ್ಚಿಸುವ ಮಟ್ಟಕ್ಕೆ ಬೆಳೆದದ್ದು ಹೇಗೆ ಎಂದು ನಿಮಗೆ ಹೇಳಿಬಿಡುತ್ತೇನೆ. ಕೂತುಕೊಳ್ಳಿ. ಬಣ್ಣ ಹಸಿ ಇದೆ, ಸ್ವಲ್ಪ ನೋಡಿಕೊಂಡು.

ನಾನು ಅಂತರಪಟ ಬರೆಯುವವಳು. ಮದುವೆಯಲ್ಲಿ ಮುಹೂರ್ತದ ತನಕ ಹುಡುಗ ಹುಡುಗಿಯ ಮುಖ ಒಬ್ಬರಿಗೊಬ್ಬರು ಕಾಣದ ಹಾಗೆ ನಡುವೆ ಹಿಡಿಯುತ್ತಾರಲ್ಲ, ಆ ಬಟ್ಟೆ. ಇಲ್ಲಿಯ ತೆಲುಗಿನವರು ಅದನ್ನು ಅಡ್ಡುತೆರ ಅನ್ನುತ್ತಾರೆ. ಹಿಂದೆ ಯಾರದೋ ಹೆಗಲ ಮೇಲಿನ ಶಾಲು ಹಿಡಿದರೂ ಮದುವೆ ಆಗುತ್ತಿತ್ತು, ಸಂಸಾರವೂ ನಡೆಯುತ್ತಿತ್ತು. ಈಗ ಫೋಟೊ ತೆಗೆಯುವವರು ಅದಕ್ಕೆ ಒಪ್ಪುವುದಿಲ್ಲ. ಎರಡು ವರ್ಷ ಹಗಲೂ ರಾತ್ರಿ ಫೋನಿನಲ್ಲಿ ಮುಖ ನೋಡಿಕೊಂಡೇ ಮಾತಾಡಿದ ಹುಡುಗ ಹುಡುಗಿಯನ್ನು ಹತ್ತು ನಿಮಿಷ ಮರೆಮಾಡಲು ಕೆನೆಬಣ್ಣದ ರೇಷ್ಮೆ, ಅದರ ಮೇಲೆ ಆನೆ, ಕಮಲ, ಕಳಶ ಎಲ್ಲ ಬೇಕು. ಆ ಹತ್ತು ನಿಮಿಷದ ಮೇಲೆಯೇ ನನ್ನ ವ್ಯಾಪಾರ ನಿಂತಿರುವುದರಿಂದ ನಾನು ಇದಕ್ಕೆ ನಗುವ ಹಾಗಿಲ್ಲ.

ಮನೆಯಲ್ಲೇ ಕೂತು ಮಾಡುವ ಕೆಲಸ ಎಂದರೆ ಜನರಿಗೆ ಒಂದು ಕಲ್ಪನೆ ಇದೆ. ಕಿಟಕಿಯ ಪಕ್ಕ ನಾನು ಕುಂಚ ಹಿಡಿದು ಕೂತಿದ್ದೇನೆ, ಬಗಲಲ್ಲಿ ಚಹಾದ ಕಪ್ಪು ಹಬೆಯಾಡುತ್ತಿದೆ, ಕಾಲ ಬಳಿ ಮಗು ತನ್ನ ಪಾಡಿಗೆ ತಾನು ಆಟಿಕೆ ಜೋಡಿಸುತ್ತ ಆಗಾಗ ತಲೆಯೆತ್ತಿ ನಗುತ್ತಿದೆ. ಇಂಥ ತಾಯಂದಿರ ವಿಡಿಯೋಗಳನ್ನು ನಾನೂ ನೋಡಿದ್ದೇನೆ. ಅವರ ಮನೆಯ ಗೋಡೆಗಳು ಬೆಳ್ಳಗಿರುತ್ತವೆ. ಎಂಟೊಂಬತ್ತು ವರ್ಷದ ಹಿಂದೆ ನಮ್ಮ ಗೋಡೆ ನೆಲದಿಂದ ಮೂರಡಿಯ ತನಕ ಯಾವ ಬಣ್ಣದ್ದು ಎಂದು ಮನೆಯ ಮಾಲೀಕರೂ ಹೇಳುವಂತಿರಲಿಲ್ಲ. ಮೂರಡಿಯ ಮೇಲೆ ಬಿಳಿಯೇ ಇತ್ತು. ಭಾಗಿಯ ಕೈ ಅಲ್ಲಿಯವರೆಗೆ ಮಾತ್ರ ಎಟುಕುತ್ತಿತ್ತು.

ಭಾಗಿ ನನ್ನ ಒಬ್ಬಳೇ ಮಗಳು. ಪೂರ್ತಿ ಹೆಸರು ಭಾಗೀರಥಿ. ನನ್ನ ಗಂಡನ ಅಜ್ಜಿಯ ಹೆಸರು. ಆ ಅಜ್ಜಿ ಜೀವಮಾನದಲ್ಲಿ ಯಾರಿಗೂ ಎದುರು ಮಾತಾಡಿದವರಲ್ಲವಂತೆ. ಹೆಸರಿನ ಜೊತೆ ಸ್ವಭಾವವೂ ಉಚಿತವಾಗಿ ಬರುತ್ತದೆಂದು ನಂಬಿದ್ದು ನಮ್ಮ ತಪ್ಪು. ನಾಲ್ಕೂವರೆ ವರ್ಷದ ಭಾಗಿ ಮಾಡಿದ್ದನ್ನೆಲ್ಲ ಹೇಳುತ್ತ ಹೋದರೆ ಅನ್ನ ಸೀದು ಹೋಗುತ್ತದೆ, ಎರಡು ಮೂರು ಹೇಳುತ್ತೇನೆ. ಮಲಗಿದ್ದ ನನ್ನ ಅತ್ತೆಯ ಹಿಮ್ಮಡಿಗೆ ಕಡುಗೆಂಪು ಬಳಿದು, ಅವರು ಎದ್ದು ನೋಡಿ ರಕ್ತವೆಂದು ಬಾಯಿ ಬಡಿದುಕೊಳ್ಳುವ ಹಾಗೆ ಮಾಡಿದ್ದಳು. ನನ್ನ ಅತ್ಯಂತ ಸಣ್ಣ ಕುಂಚವನ್ನು, ಮೂರು ಕೂದಲಿನದು, ತೊಳೆಯಲೆಂದು ಬಿಸಿ ಸಾರಿನಲ್ಲಿ ಅದ್ದಿದ್ದಳು. ಗಿರಾಕಿಯೊಬ್ಬರು ಫೋನ್ ಮಾಡಿದಾಗ ನನಗಿಂತ ಮೊದಲು ಎತ್ತಿಕೊಂಡು, "ಮಮ್ಮಿ ನಿಮ್ಮ ಬಟ್ಟಿ ಇನ್ನೂ ಚಾಲೂನ ಮಾಡಿಲ್ಲ" ಎಂದು ತಿಳಿಸಿದ್ದಳು. ಕೊನೆಯದು ನಿಜವಾಗಿದ್ದರಿಂದ ಅದಕ್ಕೆ ಹೆಚ್ಚು ಬೈಯಲಿಕ್ಕೂ ಆಗಲಿಲ್ಲ.

ಹಿಡಿದು ನಿಲ್ಲಿಸಿ ಕೇಳಿದರೆ ಅವಳದು ಒಂದೇ ಉತ್ತರ: "ನೇನು ಕಾದು." ಪಕ್ಕದ ಬಡಾವಣೆಯ ನರ್ಸರಿಗೆ ಸೇರಿದ ಮೊದಲ ವಾರ ಅವಳು ಕಲಿತ ತೆಲುಗು ಅದು, ನಾನಲ್ಲ ಎಂದು ಅರ್ಥ. ಅ ಆ ಬರುವುದಕ್ಕೆ ಮೊದಲೇ ಇದು ಬಂತು. ಕೈಯಲ್ಲಿ ಕುಂಚ, ಮೂಗಿನ ಮೇಲೆ ಹಳದಿ, ಫ್ರಾಕಿನ ತುಂಬ ನೀಲಿ ಇಟ್ಟುಕೊಂಡು, ಕಣ್ಣು ಪಿಳುಕಿಸದೆ, "ನೇನು ಕಾದು."

ಶಿಸ್ತಿನ ಬಗ್ಗೆ ನಮ್ಮ ಮನೆಯಲ್ಲಿ ಸಲಹೆಗಳಿಗೆ ಬರವಿರಲಿಲ್ಲ. ನಮ್ಮ ಜೊತೆಗೇ ಇರುವ ಅತ್ತೆ, "ಕೂಸು ಐತಿ, ಅದಕ್ಕೇನ ತಿಳಿತೈತಿ ಬಿಡವಾ. ನಿನ್ನ ಗಂಡನೂ ಹಿಂಗ ಇದ್ದ" ಎಂದು ಧೈರ್ಯ ಹೇಳುತ್ತಿದ್ದರು. ಗಂಡ ಈಗ ಇರುವುದನ್ನು ನೋಡಿದ ಮೇಲೆ ನನಗೆ ಆ ಧೈರ್ಯ ಬರುತ್ತಿರಲಿಲ್ಲ. ಅವರಾದರೋ ಸಿಕಂದರಾಬಾದಿನ ಆಫೀಸಿಗೆ ಹೊರಡುತ್ತ, ಬೂಟಿನ ದಾರ ಕಟ್ಟಿಕೊಳ್ಳುತ್ತ, "ಸ್ವಲ್ಪ ಪ್ರೀತಿಲೆ ಹೇಳಿ ನೋಡು" ಅನ್ನುತ್ತಿದ್ದರು. ಒಂದು ಭಾನುವಾರ ಪ್ರೀತಿಯಿಂದ ನೋಡಿಕೊಳ್ಳಲೆಂದು ಒಂದು ತಾಸು ಅವರ ಕೈಗೆ ಕೊಟ್ಟೆ. ಇಪ್ಪತ್ತೇ ನಿಮಿಷಕ್ಕೆ ಅವಳನ್ನು ಕಂಕುಳಲ್ಲಿ ಇರುಕಿಕೊಂಡು ತಂದು ನನ್ನ ಮುಂದೆ ಇಳಿಸಿ, ಸೀದಾ ಸ್ನಾನಕ್ಕೆ ಹೋದರು. ವಿಡಿಯೋದ ತಾಯಿಯೊಬ್ಬಳು, ಮಗುವಿನ ಮಟ್ಟಕ್ಕೆ ಮಂಡಿಯೂರಿ, ಕಣ್ಣಲ್ಲಿ ಕಣ್ಣಿಟ್ಟು, ನಿನಗೀಗ ಏನನ್ನಿಸುತ್ತಿದೆ ಎಂದು ಕೇಳಬೇಕು ಎಂದಿದ್ದಳು. ಕೇಳಿದೆ. ಅವಳ ಮಟ್ಟಕ್ಕೆ ಬಂದ ನನ್ನ ಮೂಗು ಕೈಗೆ ಸಿಕ್ಕಿದ್ದರಿಂದ ಅದಕ್ಕೂ ಹಳದಿ ಬಳಿದಳು. ಅವಳಿಗೇನನ್ನಿಸುತ್ತಿದೆ ಎಂಬುದು ಚೆನ್ನಾಗಿಯೇ ತಿಳಿಯಿತು.

ಕೊನೆಗೆ ನಾನೇ ಒಂದು ಕಾಯಿದೆ ಮಾಡಿದೆ. ನನ್ನ ಕುಬಸಕ್ಕೆ ತವರಿನವರು ಒಂದು ಮಣೆ ತಂದಿದ್ದರು. ಸಾಗವಾನಿಯದು, ನಾಲ್ಕು ಮೂಲೆಗೂ ಹಿತ್ತಾಳೆಯ ಹೂವು ಬಡಿದದ್ದು. ಹಸಿರು ಸೀರೆಯುಟ್ಟು, ಬಳೆ ತೊಟ್ಟು, ಏಳು ತಿಂಗಳ ಹೊಟ್ಟೆ ಹೊತ್ತು ಅದರ ಮೇಲೆ ಕೂತಿದ್ದೆ. ಆ ಪ್ರಕಾರ ನೋಡಿದರೆ ಭಾಗಿ ಹುಟ್ಟುವ ಮೊದಲೇ ಅದರ ಮೇಲೆ ಕೂತಿದ್ದಳು. ಅದನ್ನು ಅಡುಗೆಮನೆಯ ಬಾಗಿಲ ಪಕ್ಕದ ಮೂಲೆಗೆ ಹಾಕಿ ಸಾರಿದೆ: "ಇನ್ನ ಮ್ಯಾಲೆ ಈ ಮನಿಯಾಗ ಯಾರು ತಪ್ಪ ಮಾಡ್ತಾರೋ ಅವರು ಈ ಮಣಿ ಮ್ಯಾಲೆ ಕುಂದ್ರಬೇಕು. ಕುಕ್ಕರ್ ಮೂರ ಸೀಟಿ ಹೊಡಿಯೂ ತನಕ ಏಳಂಗಿಲ್ಲ." ಗಡಿಯಾರ ನೋಡಲು ಅವಳಿಗೆ ಬರುತ್ತಿರಲಿಲ್ಲ, ಸೀಟಿ ಎಣಿಸಲು ಬರುತ್ತಿತ್ತು.

"ಯಾರ ಮಾಡಿದ್ರೂ?" ಎಂದು ಅತ್ತೆ ಕೇಳಿದರು.

"ಯಾರ ಮಾಡಿದ್ರೂ. ನಾನೂ ಹಿಡಿದು," ಎಂದೆ, ಬಹಳ ದೊಡ್ಡ ಮನಸ್ಸಿನಿಂದ.

ಆಮೇಲೆ ಬಹಳ ದಿನ ಅದರ ಮೇಲೆ ಭಾಗಿಯ ಹೊರತು ಯಾರೂ ಕೂರಲಿಲ್ಲ. ದೊಡ್ಡವರು ತಪ್ಪು ಮಾಡುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಒಲೆಯ ಮೇಲೆ ಕುಕ್ಕರ್ ಇಲ್ಲದ ಹೊತ್ತಿನಲ್ಲಿ ಅವಳು ಏನಾದರೂ ಮಾಡಿದರೆ, ಶಿಕ್ಷೆ ತಪ್ಪಬಾರದೆಂದು ನಾನು ಆಲೂಗಡ್ಡೆಯನ್ನಾದರೂ ಬೇಯಲು ಇಡುತ್ತಿದ್ದೆ. ಆ ವರ್ಷ ನಮ್ಮ ಮನೆಯಲ್ಲಿ ತಿಂದಷ್ಟು ಆಲೂಗಡ್ಡೆ ಪಲ್ಯವನ್ನು ಯಾರೂ ಯಾವ ಕಾಲಕ್ಕೂ ತಿಂದಿರಲಾರರು. ಗಂಡ ಡಬ್ಬಿ ತೆಗೆದು ನೋಡಿದ ಕೂಡಲೇ ಮಗಳು ಹಿಂದಿನ ದಿನ ಎಷ್ಟು ಸಲ ಮಣೆ ಹತ್ತಿದ್ದಳೆಂದು ಹೇಳುವಷ್ಟು ಪಳಗಿದರು.

ಹದಿನೈದು ದಿನ ಎಲ್ಲ ಸರಿಯಾಗಿತ್ತು. ಹದಿನಾರನೆಯ ದಿನ ನಾನು ಒಳಗೆ ಆನೆಗೆ ಸೊಂಡಿಲು ಬರೆಯುತ್ತಿದ್ದಾಗ ಹೊರಗಿನ ಮಾತು ಕಿವಿಗೆ ಬಿತ್ತು.

"ಅಜ್ಜಿ, ಕುಕ್ಕರ್ ಇಟ್ಟಿಯೇನು?"

"ಇಟ್ಟೀನವ್ವಾ."

"ಎಷ್ಟ ಸೀಟಿ ಆದುವು?"

"ಎರಡ ಆದುವು."

ಅದರ ಹಿಂದೆಯೇ ನೀರು ಸುರಿದ ಸದ್ದು. ಕುಂಚ ತೊಳೆದ ನೀರಿನ ಡಬ್ಬಿಯನ್ನು ಅಪ್ಪನ ಬೂಟಿನೊಳಗೆ ಬಗ್ಗಿಸಿ, ಓಡಿ ಹೋಗಿ ತಾನೇ ಮಣೆ ಹತ್ತಿ ಕೂತಿದ್ದಳು. ಮೂರನೆಯ ಸೀಟಿ ಬಂತು, ಎದ್ದು ಹೋದಳು. ಕಾಯಿದೆ ಪ್ರಕಾರ ಯಾರೂ ಏನೂ ಅನ್ನುವಂತಿರಲಿಲ್ಲ. ಆಮೇಲೆ ಗಮನಿಸಿದರೆ ಅತ್ತೆಯದೂ ಇದರಲ್ಲಿ ಕೈ ಇತ್ತು. ಮೊಮ್ಮಗಳು ಮಣೆಯ ಮೇಲಿದ್ದಾಗ ಅವರು ಬೇಳೆಗೆ ಇಡುತ್ತಲೇ ಇರಲಿಲ್ಲ. ಒಂದು ಹಿಡಿ ಅಕ್ಕಿ ಹಾಕಿ ಉರಿ ದೊಡ್ಡದು ಮಾಡಿಬಿಡುತ್ತಿದ್ದರು. ಕೇಳಿದರೆ, "ನನಗ ಹಸಿವಿ ಆಗೈತಿ" ಅನ್ನುತ್ತಿದ್ದರು. ಹನ್ನೊಂದು ಗಂಟೆಗೂ ಹಸಿವೆ, ಮೂರು ಗಂಟೆಗೂ ಹಸಿವೆ.

ಆಗ ನಾನು ಕಾಯಿದೆಗೆ ಒಂದು ತಿದ್ದುಪಡಿ ತಂದೆ. "ನೇನು ಕಾದು" ಅಂದರೆ ಒಂದು ಸೀಟಿ ಹೆಚ್ಚು. ಸುಳ್ಳು ಹೇಳುವ ಚಟ ಬಿಡಿಸಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲವೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಒಂದೇ ತಿಂಗಳಲ್ಲಿ ಮನೆಯಲ್ಲಿ ಆ ಮಾತು ಕೇಳಿಸುವುದೇ ನಿಂತಿತು. ನಾನು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಶಾಂತಾಬಾಯಿಯವರ ಕೆಲಸ ಬಂದದ್ದು ಆಗಲೇ. ಗದಗಿನ ಕಡೆಯವರು, ಸಿಕಂದರಾಬಾದಿನಲ್ಲಿ ನೆಲೆಸಿ ಬಹಳ ವರ್ಷವಾಗಿತ್ತು. ಮಗಳ ಮದುವೆ, ಹುಡುಗ ತೆಲುಗಿನವನು. ನಮ್ಮ ಮಂಚದ ತುದಿಯಲ್ಲಿ ಕೂತು, "ಆ ಕಡಿ ಮಂದಿ ಎಲ್ಲಾ ನೋಡತಾರ್ರೀ. ನಮ್ಮ ಕಡ್ಯಾಕಿ ಕೈಲೆ ಬರಿಸೀನಿ ಅಂತ ಹೇಳೀನಿ, ಮರ್ಯಾದಿ ಉಳಸ್ರಿ. ಇದು ಚಂದ ಆತಂದ್ರ ನಮ್ಮ ಮನಿಯಾಗ ಇನ್ನೂ ಎರಡ ಮದುವಿ ಅದಾವ, ಅವೂ ನಿಮಗ" ಎಂದರು. ಅಲ್ಲಿಯ ತನಕ ನನಗೆ ಬರುತ್ತಿದ್ದುದು ಬಿಡಿ ಬಿಡಿ ಕೆಲಸ. ಒಂದೇ ಮನೆಯಿಂದ ಮೂರು ಎಂದರೆ ನಾನು ಆ ರಾತ್ರಿಯೇ ಕನಸಿನಲ್ಲಿ ಬೋರ್ಡು ಬರೆಸಿದೆ.

ಹತ್ತು ದಿನ ಬರೆದೆ. ಎಡಕ್ಕೆ ಕೊಳ, ನಡುವೆ ಕಳಶ, ಬಲಕ್ಕೆ ಎದುರುಬದುರು ನಿಂತ ಎರಡು ಆನೆ. ಆನೆಗಳ ನಡುವೆ ಕಣ್ಣಿಗೆ ತಂಪಾಗಲೆಂದು ಖಾಲಿ ರೇಷ್ಮೆ ಬಿಟ್ಟಿದ್ದೆ. ಕೊನೆಗೆ ಉಳಿದದ್ದು ಕೊಳದ ಒಂದು ದೊಡ್ಡ ಕಮಲ, ಐದು ಎಸಳಿನದು, ಕಡುಗೆಂಪು. ಅದನ್ನು ಒಂದು ಮಧ್ಯಾಹ್ನ ಮುಗಿಸಿ ಕುಂಚ ಕೆಳಗಿಡುತ್ತಿದ್ದ ಹಾಗೆ ಗಲ್ಲಿಯಲ್ಲಿ ನರ್ಸರಿಯ ಆಟೊ ಹಾರ್ನ್ ಕೇಳಿಸಿತು. ಭಾಗಿ ಬಂದಳು. ಗಡಿಬಿಡಿಯಿಂದ ಎದ್ದೆ. ಕಮಲದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದೆ, ಒಣಗಿತ್ತು. ಚೌಕಟ್ಟಿನಿಂದ ಬಟ್ಟೆ ಬಿಚ್ಚಿ, ನಡುವಿಗೆ ಒಂದು ಮಡಿಕೆ ಹಾಕಿ, ಕುರ್ಚಿ ಎಳೆದುಕೊಂಡು ಹತ್ತಿ ಕಪಾಟಿನ ಮೇಲೆ ಇಟ್ಟೆ. ಇನ್ನು ನನ್ನ ಬಟ್ಟೆಗೆ ಅಪಾಯವಿಲ್ಲವೆಂದು ನೆಮ್ಮದಿಯಿಂದ ಊಟ ಬಡಿಸಿದೆ.

ಸಂಜೆ ನಾಲ್ಕಕ್ಕೆ ಇಸ್ತ್ರಿ ಮಾಡಲೆಂದು ಇಳಿಸಿ ಬಿಡಿಸಿದೆ. ಎರಡು ಆನೆಗಳ ನಡುವಿನ ಖಾಲಿ ರೇಷ್ಮೆಯ ಮೇಲೆ ಐದು ಕೆಂಪು ಗುರುತು, ಮೇಲೆ ನಾಲ್ಕು, ಬದಿಗೆ ಒಂದು. ಚಿಕ್ಕ ಕೈಯೊಂದರ ಐದು ಬೆರಳು.

ತನಿಖೆಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಕಪಾಟಿನ ಮುಂದೆ ಕುರ್ಚಿ ಇತ್ತು; ಅವಳು ಅದನ್ನು ಎಳೆದುಕೊಂಡೇ ಹತ್ತಿರಬೇಕು. ಕೂಗಿ ಕರೆದು ಅಂಗೈ ತಿರುಗಿಸಿ ನೋಡಿದೆ, ಕೆಂಪಗಿತ್ತು. ಕುರ್ಚಿ ಹಾಕಿದ್ದು ನಾನೇ ಎಂಬುದಾಗಲಿ, ಮಧ್ಯಾಹ್ನ ಅವಳಿಗೆ ಬೀಟ್‌ರೂಟ್ ಪಲ್ಯ ಬಡಿಸಿದ್ದು ನಾನೇ ಎಂಬುದಾಗಲಿ ಆ ಹೊತ್ತಿಗೆ ನೆನಪಾಗಲಿಲ್ಲ. ನೆನಪು ಸಹ ಅನುಕೂಲ ನೋಡಿಕೊಂಡೇ ಕೆಲಸ ಮಾಡುತ್ತದೆ.

"ಯಾಕ ಮಾಡಿದಿ ಇದನ್ನ?" ಎಂದು ಅಬ್ಬರಿಸಿದೆ. ನೋಡಿ, ಯಾರು ಮಾಡಿದ್ದು ಎಂದು ನಾನು ಕೇಳಲಿಲ್ಲ. ಯಾಕೆ ಎಂದೇ ಶುರುಮಾಡಿದೆ.

ಭಾಗಿ ಬಟ್ಟೆ ನೋಡಿದಳು, ನನ್ನ ಮುಖ ನೋಡಿದಳು, ತನ್ನ ಕೈ ನೋಡಿಕೊಂಡಳು. ಏನೋ ಹೇಳಲು ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ ಸದ್ದಿಲ್ಲದೆ ಹೋಗಿ ಮಣೆಯ ಮೇಲೆ ಕೂತಳು. ನಾನು ಅದನ್ನು ತಪ್ಪೊಪ್ಪಿಗೆ ಎಂದುಕೊಂಡೆ. ಅಂಥ ಸಿಟ್ಟಿನಲ್ಲೂ, ನನ್ನ ಶಿಸ್ತು ಕೊನೆಗೂ ಕೈಗೂಡಿತಲ್ಲ ಎಂದು ಒಂದು ಗಳಿಗೆ ಹೆಮ್ಮೆಯೂ ಆಯಿತು. ಅತ್ತೆ ಎದ್ದು ಅಕ್ಕಿ ಡಬ್ಬಿಗೆ ಕೈ ಹಾಕುವ ಮೊದಲೇ ನಾನೇ ಹೋಗಿ ಕುಕ್ಕರಿಗೆ ತೊಗರಿಬೇಳೆ ಹಾಕಿ ಉರಿ ಸಣ್ಣದು ಮಾಡಿ ಬಂದೆ. ಅವಳು ಅಷ್ಟೂ ಹೊತ್ತು ಗೋಡೆ ನೋಡುತ್ತ ಕೂತಿದ್ದಳು.

ಆಮೇಲೆ ಶಾಂತಾಬಾಯಿಯವರಿಗೆ ಫೋನ್ ಮಾಡಿದೆ. "ನನ್ನ ಮಗಳು ಕೈ ಒತ್ತಿಬಿಟ್ಟಾಳ್ರೀ. ಸಣ್ಣದೊಂದು ಕಲೆ ಆಗೈತಿ, ನಾ ಸರಿ ಮಾಡಿ ಕೊಡ್ತೀನಿ."

"ಮಕ್ಕಳಿರೂ ಮನಿ ಅಲ್ರೀ, ಹಂಗ ಆಗತೈತಿ," ಎಂದರು ಅವರು. "ನೀವು ಮನಸಿಗೆ ಹಚ್ಕೋಬ್ಯಾಡ್ರಿ."

ಫೋನ್ ಇಟ್ಟಾಗ ಎಷ್ಟು ಹಗುರಾಯಿತೆಂದರೆ, ಮನೆಯಲ್ಲಿ ಒಂದು ಸಣ್ಣ ಮಗು ಇರುವುದು ವ್ಯಾಪಾರಕ್ಕೆ ಎಷ್ಟು ಒಳ್ಳೆಯದು ಎಂದು ಮೊದಲ ಸಲ ಅನಿಸಿತು.

ಕಲೆಯ ಮೇಲೆ ಒಂದು ಮರಿಯಾನೆ ಬರೆದರೆ ಮುಚ್ಚಿಹೋಗುತ್ತದೆ ಎಂದು ಯೋಚಿಸಿದ್ದೆ. ಅದನ್ನು ಎಲ್ಲಿ ನಿಲ್ಲಿಸಬೇಕು ಎಂದು ಅಳತೆ ನೋಡಲು ಬಟ್ಟೆಯನ್ನು ನಡುವಿಗೆ ಮಡಚಿದೆ. ಹಳೆಯ ಮಡಿಕೆಯ ಗೆರೆಯ ಮೇಲೇ ಮಡಿಕೆ ಬಂತು. ಮಡಚಿದ ಬಟ್ಟೆಯನ್ನು ಬೆಳಕಿಗೆ ಎತ್ತಿ ಹಿಡಿದೆ. ಕೆಂಪು ಗುರುತು ಐದೂ, ಒಂದೂ ಆಚೀಚೆ ಆಗದೆ, ಕಮಲದ ಐದು ಎಸಳಿನ ಮೇಲೆ ಹೋಗಿ ಕೂತವು.

ಅಂಚು ಒಣಗಿತ್ತು, ದಪ್ಪ ಬಣ್ಣ ಹಾಕಿದ್ದ ಎಸಳಿನ ನಡುಭಾಗ ಒಣಗಿರಲಿಲ್ಲ. ಹಸಿ ಬಟ್ಟೆಯನ್ನು ಮಡಚಬಾರದು ಎಂಬುದು ಈ ಕೆಲಸದಲ್ಲಿ ಮೊದಲನೆಯ ದಿನ ಕಲಿಯುವ ಪಾಠ. ಮಗಳಿಂದ ಬಟ್ಟೆ ಕಾಪಾಡಲು ಹೋಗಿ, ಆ ಬಟ್ಟೆಯನ್ನು ಕೆಡಿಸಿದ್ದು ನಾನು.

ಭಾಗಿ ಅಡುಗೆಮನೆಯಲ್ಲಿ ಅಜ್ಜಿಯ ಪಕ್ಕ ಕೂತು ಚಪಾತಿ ಹಿಟ್ಟಿನಲ್ಲಿ ಹಾವು ಮಾಡುತ್ತಿದ್ದಳು. ಹೋಗಿ ಮುಂದೆ ಕೂತೆ.

"ಭಾಗಿ, ಆ ಬಟ್ಟಿ ನೀ ಮುಟ್ಟಿದ್ದೇನು?"

"ಇಲ್ಲ."

"ಮತ್ತ ಇಲ್ಲ ಅಂತ ಯಾಕ ಹೇಳಲಿಲ್ಲ?"

"ಹೇಳಿದ್ರ ಇನ್ನೊಂದ ಸೀಟಿ ಜಾಸ್ತಿ ಆಗತೈತಿ ಅಲಾ," ಎಂದಳು, ಹಿಟ್ಟಿನಿಂದ ಕಣ್ಣೆತ್ತದೆ.

ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತು. ಮಾಡದ ತಪ್ಪಿಗೆ ಸುಮ್ಮನೆ ಹೋಗಿ ಕೂರುವುದೇ ಲಾಭ ಎಂದು ನಾಲ್ಕೂವರೆ ವರ್ಷದ ಹುಡುಗಿಗೆ ನಾನು ಕಲಿಸಿದ್ದೆ, ಕಲಿಸಿದೆನೆಂದು ಗಲ್ಲಿಯ ತುಂಬ ಹೇಳಿಕೊಂಡಿದ್ದೆ. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಆಗ ತಾಯಿಯಾದವಳು ಏನು ಮಾಡಬೇಕು? ಮಗಳನ್ನು ಹತ್ತಿರ ಕರೆದು ತಪ್ಪಾಯಿತು ಅನ್ನಬೇಕು. ನಾನು ಎದ್ದು ರವೆ ಹುರಿದು ಶಿರಾ ಮಾಡಿದೆ. ಅತ್ತೆ ತಟ್ಟೆ ನೋಡಿ, "ಇವತ್ತ ಯಾವ ಹಬ್ಬವಾ?" ಎಂದು ಕೇಳಿದರು. ನನಗೆ ಹಸಿವೆ ಆಗಿದೆ ಎಂದೆ.

ಶಾಂತಾಬಾಯಿಯವರಿಗೆ ಮತ್ತೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಮಕ್ಕಳ ಕೈ ತಾಗಿತು ಅಂದರೆ ಯಾರಾದರೂ ಕ್ಷಮಿಸುತ್ತಾರೆ. ಹಸಿ ಬಟ್ಟೆ ಮಡಚಿಟ್ಟೆ ಅಂದರೆ ಇವಳಿಗೆ ಕೆಲಸವೇ ಬರುವುದಿಲ್ಲ ಅನ್ನುತ್ತಾರೆ. ಇನ್ನೂ ಎರಡು ಮದುವೆ ಇವೆ. ಭಾಗಿಗೆ ಹೇಗೂ ಹೆಸರು ಕೆಟ್ಟೇ ಇದೆ, ಇನ್ನೊಂದು ಸೇರಿದರೆ ಏನಾಯಿತು? ನಾನು ಹೀಗೆ ಯೋಚಿಸುತ್ತ ಮರಿಯಾನೆಗೆ ಕಣ್ಣು ಬರೆದೆ. ಅದು ಬಹಳ ಮುದ್ದಾಗಿ ಬಂತು.

ಮೂರನೆಯ ದಿನ ಬೆಳಿಗ್ಗೆ ಶಾಂತಾಬಾಯಿ ಬಂದರು. ಬಟ್ಟೆ ಬಿಡಿಸಿ, ಕನ್ನಡಕ ಏರಿಸಿ, ಇಳಿಸಿ ನೋಡಿದರು. "ಎಲ್ಲೈತ್ರೀ ಕಲೆ? ತ್ರಾಸ ತಗೊಂಡು ಹುಡುಕಿದ್ರೂ ಸಿಗೂದಿಲ್ಲ. ಈ ಆನಿ ಮರಿ ಅಂತೂ ಭಾಳ ಚಂದ ಐತಿ," ಎಂದರು. ಆಗ ಅವರ ಕಣ್ಣು ಬಾಗಿಲ ಹತ್ತಿರ ಅಜ್ಜಿಯ ಸೆರಗು ಹಿಡಿದು ನಿಂತಿದ್ದ ಭಾಗಿಯ ಮೇಲೆ ಬಿತ್ತು.

"ಏ ಕಳ್ಳಿ, ನೀನ ಏನು ಕೈ ಒತ್ತಿದಾಕಿ?" ಎಂದು ಕಣ್ಣು ದೊಡ್ಡದು ಮಾಡಿ, ನಗುತ್ತಲೇ ಬೆರಳಾಡಿಸಿದರು. "ಮಮ್ಮಿ ಎಷ್ಟ ಕಷ್ಟ ಪಟ್ಟಾಳ ನೋಡು. ಇನ್ನ ಮ್ಯಾಲೆ ಮುಟ್ಟಂಗಿಲ್ಲ, ಹೂಂ?"

ಭಾಗಿ ಬಾಯಿ ತೆರೆದಳು. ನನ್ನ ಕಡೆ ನೋಡಿದಳು. ನಾನು ಏನೂ ಹೇಳಲಿಲ್ಲ. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ನಾನು ಏನೂ ಹೇಳಲಿಲ್ಲ, ಸುಳ್ಳು ಹೇಳಿದರೆ ನನ್ನ ಬಾಯಿ ಸೇದಿ ಹೋಗಲಿ. ಅವಳು ಬಾಯಿ ಮುಚ್ಚಿಕೊಂಡು, "ಹೂಂ" ಎಂದು ತಲೆಯಾಡಿಸಿದಳು. ಮಾಡದ್ದನ್ನು ಒಪ್ಪಿಕೊಂಡುಬಿಟ್ಟಳು.

"ಅಕಿ ಅಲ್ರೀ," ಎಂದೆ. ದನಿ ನನ್ನದೇ ಎಂದು ನನಗೆ ಅನಿಸಲಿಲ್ಲ. "ಅಕಿ ಮುಟ್ಟೇ ಇಲ್ಲ. ನಾನ ಹಸಿ ಬಟ್ಟಿ ಮಡಚಿ ಇಟ್ಟಿದ್ದೆ. ಈ ಕಮಲದ ಬಣ್ಣ ಆ ಕಡಿ ಹತ್ತೈತಿ."

ಶಾಂತಾಬಾಯಿಯ ನಗು ಇಳಿಯಿತು. ಬಟ್ಟೆಯನ್ನು ಮತ್ತೆ ಬಿಡಿಸಿ, ಕಿಟಕಿಗೆ ಹಿಡಿದು, ಹೆಬ್ಬೆರಳಿನಿಂದ ಕಮಲ, ಕಳಶ, ಆನೆ ಎಲ್ಲವನ್ನೂ ಒತ್ತಿ ಒತ್ತಿ ನೋಡಿದರು. ನೋಡಿ ಮುಗಿದ ಮೇಲೆ, "ಹಂಗಾರ ಫೋನಿನ್ಯಾಗ ಕೂಸಿನ ಹೆಸರ ಯಾಕ ಹೇಳಿದ್ರಿ?" ಎಂದು ಕೇಳಿದರು.

"ಆವಾಗ ಅಕೀನ ಅಂತ ತಿಳಕೊಂಡಿದ್ದೆ. ಆಮ್ಯಾಲೆ ಗೊತ್ತಾತು. ಗೊತ್ತಾದ ಮ್ಯಾಲೂ ಹೇಳಲಿಲ್ಲ. ಹೆದರಿಕಿ ಆತ್ರಿ."

ಅವರು ಬಟ್ಟೆ ಮಡಚತೊಡಗಿದರು. ಅಷ್ಟರಲ್ಲಿ ನೆಲದ ಮೇಲೆ ಏನೋ ಉಜ್ಜಿದ ಸದ್ದು ಕೇಳಿತು. ಭಾಗಿ ಎರಡೂ ಕೈಯಿಂದ ಮಣೆಯನ್ನು ದರದರ ಎಳೆದುಕೊಂಡು ಬರುತ್ತಿದ್ದಳು. ತಂದು ನನ್ನ ಕಾಲ ಮುಂದೆ ಇಟ್ಟು, ದೂರ ಸರಿದು ನಿಂತಳು. ಮುಖದಲ್ಲಿ ತುಂಟತನವಿರಲಿಲ್ಲ. ಯಾರು ತಪ್ಪು ಮಾಡಿದರೂ ಎಂದು ನಾನು ಹೇಳಿದ್ದನ್ನು ಆ ಮನೆಯಲ್ಲಿ ನಂಬಿದ್ದು ಅವಳೊಬ್ಬಳೇ.

ಗಿರಾಕಿಯ ಎದುರಿಗೆ ಮಣೆಯ ಮೇಲೆ ಕೂತ ಕಲಾವಿದೆ ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಕೂತೆ. ಶಾಂತಾಬಾಯಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಒಮ್ಮೆ ತಿರುಗಿ ನೋಡಿದರು, ಬಟ್ಟೆ ಬಗಲಲ್ಲಿಟ್ಟುಕೊಂಡು ಮೆಟ್ಟಿಲಿಳಿದರು. ಆ ಉಳಿದ ಎರಡು ಮದುವೆಯ ಕೆಲಸ ಬರಲೇ ಇಲ್ಲ. ಅವರ ಮಗಳ ಫೋಟೊದಲ್ಲಿ ಮರಿಯಾನೆ ಚೆನ್ನಾಗಿ ಬಂದಿದೆಯೆಂದು ಯಾರೋ ಹೇಳಿದರು.

ಅಡುಗೆಮನೆಯಲ್ಲಿ ಕುಕ್ಕರಿನ ಮುಚ್ಚಳ ಹಾಕಿದ ಸದ್ದಾಯಿತು.

"ಅತ್ತೀ, ಏನ ಇಟ್ರಿ?" ಎಂದು ಕೂತಲ್ಲಿಂದಲೇ ಕೂಗಿದೆ, ಅಕ್ಕಿ ಎಂಬ ಆಸೆಯಿಂದ.

"ಕಡ್ಲಿ," ಎಂದರು ಅತ್ತೆ. "ನೆನಿ ಹಾಕಿದ್ದಿಲ್ಲ. ಉರಿ ಸಣ್ಣ ಮಾಡೀನಿ. ಕುಂದ್ರು."

ಸ್ವಲ್ಪ ಹೊತ್ತಿಗೆ ಭಾಗಿ ಬಂದು ನನ್ನ ಪಕ್ಕ ಬರಿ ನೆಲದ ಮೇಲೆ ಕೂತಳು. ನನ್ನ ಮೊಣಕಾಲಿನ ಮೇಲೆ ಕೈ ಇಟ್ಟು ಸಮಾಧಾನ ಹೇಳಿದಳು: "ನೀ ನೇನು ಕಾದು ಅನ್ನಲಿಲ್ಲ ಅಲಾ ಮಮ್ಮಿ. ಮೂರ ಸೀಟಿ ಅಷ್ಟ." ಆಗ ನಾನು ಹೇಳಿದೆ, ಶಿರಾದ ಬದಲು ಎರಡು ದಿನ ಮೊದಲೇ ಹೇಳಬೇಕಾಗಿದ್ದನ್ನು. "ತಪ್ಪಾತು ಭಾಗಿ" ಎಂದೆ. ಅವಳು "ಹೂಂ" ಎಂದು, ಕುಕ್ಕರಿನ ಕಡೆ ಕಿವಿಕೊಟ್ಟು ಕೂತಳು.

ತಿದ್ದುಪಡಿಯನ್ನು ಅವತ್ತೇ ಹಿಂತೆಗೆದುಕೊಂಡೆ. ಅಂದಮಾತ್ರಕ್ಕೆ ನಾನು ವಿಡಿಯೋದ ತಾಯಿಯಾದೆ ಅಂದುಕೊಳ್ಳಬೇಡಿ. ಆಮೇಲೂ ಸಾಕಷ್ಟು ಕೂಗಿದ್ದೇನೆ, ಕೂಗಿದ್ದರಲ್ಲಿ ಅರ್ಧ ಅನ್ಯಾಯವೇ ಇತ್ತು. ಭಾಗಿ ಬೆಳೆದಳು, ಮಣೆ ಅವಳಿಗೆ ಸಣ್ಣದಾಯಿತು. ಈಗ ಅಂಚಿನ ಬಳ್ಳಿ ಬರೆಯುವಾಗ ನೆಲದಲ್ಲಿ ಕೂರಲು ನಾನೇ ಅದನ್ನು ಹಾಕಿಕೊಳ್ಳುತ್ತೇನೆ. ಕೂತಾಗಲೆಲ್ಲ ಹಿತ್ತಾಳೆಯ ಹೂವು ತೊಡೆಗೆ ಚುಚ್ಚುತ್ತದೆ.

ಎರಡನೆಯ ಸೀಟಿ ಬಂತು, ಕೇಳಿದಿರಾ?

ನಾನು ಮಣೆಯ ಮೇಲೆ ಕೂತಲ್ಲಿಂದಲೇ, ಕಲೆಯಾದ ಅಂಚನ್ನು ಕೈಯಲ್ಲಿ ಹಿಡಿದುಕೊಂಡು, ನನ್ನಿಂದಾದಷ್ಟು ಸಣ್ಣ ದನಿಯಲ್ಲಿ ಕರೆದೆ. "ಭಾಗಿ, ಬಾ ಇಲ್ಲೆ."

ಎಂಟನೆಯ ತರಗತಿಯ ಭಾಗಿ ಅರ್ಧ ಹೆಣೆದ ಜಡೆಯನ್ನು ಹಿಡಿದುಕೊಂಡು ಬಂದಳು. ನನ್ನ ಕೈಯಲ್ಲಿದ್ದುದನ್ನು ನೋಡಿ ಬಾಗಿಲಲ್ಲೇ ನಿಂತಳು.

"ಇದು ಹೆಂಗ ಆತು, ಗೊತ್ತೈತೇನು ನಿನಗ?"

ಅವಳು ಬಾಯಿ ತೆರೆದಳು. ಅದು ಮುಚ್ಚುತ್ತದೇನೋ ಎಂದು ನನಗೆ ಹೆದರಿಕೆಯಾಯಿತು.

"ನಾನ, ಮಮ್ಮಿ," ಎಂದಳು. "ನಿನ್ನೆ ಸಂಜಿಮುಂದ ಚಹಾ ಚೆಲ್ಲಿದೆ. ತೊಳದೆ, ಹೋಗಲಿಲ್ಲ."

"ಮತ್ತ ನಿನ್ನೇನ ಯಾಕ ಹೇಳಲಿಲ್ಲ?"

"ಹೆದರಿಕಿ ಆತು."

"ಈಗ?"

"ಈಗೂ ಹೆದರಿಕೀನ," ಎಂದಳು. "ಆದ್ರ ನೀ ಕೇಳಿದಿ ಅಲಾ."

ನಾನು ಬಟ್ಟೆಯನ್ನು ತೊಡೆಯ ಮೇಲೆ ಹರವಿಕೊಂಡು ಸುಮ್ಮನೆ ಸವರಿದೆ. ಚಹಾದ ಕಲೆ ರೇಷ್ಮೆಯಿಂದ ಹೋಗುವುದಿಲ್ಲ. ಎರಡು ದಿನದ ಕೆಲಸ ಹಾಳು, ಅಂಚನ್ನೇ ಬದಲಿಸಬೇಕು. ಇಷ್ಟೆಲ್ಲ ಆಗಿದ್ದರೂ ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ಅದನ್ನು ಮುಚ್ಚಿಡಲು ಮುಖ ಗಂಟು ಹಾಕಿಕೊಳ್ಳಬೇಕಾಯಿತು.

ಅಡುಗೆಮನೆಯಿಂದ ಅತ್ತೆಯ ದನಿ ಬಂತು. ಈಗ ಅವರಿಗೆ ಕಿವಿ ಮಂದ, ಆದರೆ ಇಂಥದ್ದೆಲ್ಲ ಸರಿಯಾಗಿ ಕೇಳಿಸುತ್ತದೆ. "ಭಾಗಿ, ಲಗೂನ ಕುಂದ್ರವಾ! ಅನ್ನ ಐತಿ, ಎರಡ ಸೀಟಿ ಆಗ್ಯಾವ. ಇನ್ನ ಒಂದ ಉಳದೈತಿ!"

ಆ ಮಣೆ ಇಬ್ಬರಿಗೆ ಸಾಲುವುದಿಲ್ಲ. ನಾನು ಒಂದು ಬದಿಗೆ ಸರಿದು ಅರ್ಧ ಜಾಗ ಬಿಟ್ಟೆ.